ಹೊಟ್ಟೆ ನನ್ನದು, ಹರಕೆ ಅವಳದು

ನನ್ನಂಥ ದಢೂತಿ ಮನುಷ್ಯನನ್ನು ನಾಚಿಕೆಪಡಿಸಲು ಭಗವಂತ ಹೆಚ್ಚು ಕಷ್ಟಪಡಬೇಕಿಲ್ಲ. ಮನೆಯಿಂದ ಹೊರಗೆ ಕಳಿಸಿದರೆ ಸಾಕು, ಮಿಕ್ಕಿದ್ದು ತಾನಾಗಿಯೇ ನಡೆಯುತ್ತದೆ. ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಕೆ.ಜಿ.ಎಫ್. ಮಾರ್ಕೆಟ್ಟಿನಲ್ಲಿ ನನ್ನ ಗ್ರಂಧಿಗೆ ಅಂಗಡಿಯಿದೆ. ಕರ್ಪೂರ, ಕುಂಕುಮ, ಊದುಬತ್ತಿಗಳ ನಡುವೆ ದಿನವಿಡೀ ಕೂತಿರುವುದೇ ನನ್ನ ಕಸುಬು. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ. ಹರಕೆ, ಉಪವಾಸ ಎಲ್ಲಾ ನನ್ನ ಹೆಂಡತಿಯ ಪಾಲಿಗೆ. ಕೊನೆಗೆ ಬಂಗಾರಪೇಟೆಯ ಡಾಕ್ಟರಮ್ಮ ಅವಳ ಪರೀಕ್ಷೆಗಳನ್ನೆಲ್ಲ ಮುಗಿಸಿ, "ನಿಮ್ಮಲ್ಲಿ ಏನೂ ತೊಂದರೆ ಇಲ್ಲಮ್ಮ. ಯಜಮಾನರನ್ನ ಕಳಿಸಿ" ಅಂದರು. ಅಲ್ಲಿಂದ ಶುರು.

೧. ವಸ್ತ್ರ

ವೀರ್ಯ ಪರೀಕ್ಷೆ. ಈ ಪದ ಬರೆಯುವಾಗಲೂ ಕೈ ಹಿಂದೇಟು ಹಾಕುತ್ತದೆ. ಲ್ಯಾಬಿನವರು ಒಂದು ಡಬ್ಬಿ ಕೊಟ್ಟು ಪುಟ್ಟ ಕೋಣೆ ತೋರಿಸಿದರು. ಒಳಗೆ ಹೋಗಿ ಚಿಲಕ ಹಾಕಿ ತಿರುಗಿದರೆ, ಎದುರು ಗೋಡೆಯಲ್ಲಿ ಕ್ಯಾಲೆಂಡರಿನ ತಿಮ್ಮಪ್ಪ! ದಿನಾ ಬೆಳಿಗ್ಗೆ ಅಂಗಡಿಯಲ್ಲಿ ಆರತಿ ಎತ್ತುವ ನಾನು ಅವನೆದುರು ಹೇಗೆ? ಹಾಳೆ ಮಗುಚಿದೆ. ಮುಂದಿನ ತಿಂಗಳು ಸುಬ್ರಹ್ಮಣ್ಯ. ಅದರ ಮುಂದಿನದು ಸಾಕ್ಷಾತ್ ಚಾಮುಂಡಿ. ವರ್ಷ ಪೂರ್ತಿ ನೋಡಿದೆ, ಒಂದು ತಿಂಗಳೂ ಖಾಲಿ ಇಲ್ಲ. ಕೆನ್ನೆ ಬಡಿದುಕೊಂಡು ಹೆಗಲ ಮೇಲಿನ ಟವೆಲನ್ನು ಕ್ಯಾಲೆಂಡರಿಗೆ ಹೊದಿಸಿದೆ.

ಕೆಲಸ ಮುಗಿಸಿ, ತಲೆ ತಗ್ಗಿಸಿ ಹೊರಗೆ ಬಂದೆ. ಬೆಂಚಿನ ತುಂಬ ಜನ. ಹಿಂದಿನಿಂದ ಲ್ಯಾಬಿನ ತಮಿಳು ಹುಡುಗಿ ಕೂಗಿದಳು: "ಅಣ್ಣಾ, ನಿಮ್ ಟವಲು ಪೆರುಮಾಳ್ ಮೇಲೇ ಬಿಟ್ಟೋಗ್ತಿದ್ದೀರ!"

ಬೆಂಚಿನ ಮೇಲೆ ನಮ್ಮ ಅಂಗಡಿಗೆ ಬರುವ ಅಜ್ಜಿಯೊಬ್ಬರಿದ್ದರು. ನನ್ನತ್ತ ನೋಡಿ ಕೈ ಮುಗಿದೇಬಿಟ್ಟರು: "ಆಹಾ, ರಕ್ತ ಕೊಡಾಕ್ ಬಂದ್ರೂ ದೇವ್ರಿಗೆ ವಸ್ತ್ರ ಏರ್ಸವ್ನೆ! ಇದಪ್ಪಾ ಭಕ್ತಿ ಅಂದ್ರೆ!"

೨. ಪ್ರದಕ್ಷಿಣೆ

ರಿಪೋರ್ಟು ನೋಡಿದ ಡಾಕ್ಟರಮ್ಮ ನನ್ನ ಹೊಟ್ಟೆಯನ್ನೂ ನೋಡಿದರು. "ಸಂಖ್ಯೆ ಕಡಿಮೆ ಇದೆ, ಚುರುಕೂ ಇಲ್ಲ. ಎಲ್ಲಾ ದಪ್ಪಗಿರೋರಿಗೂ ಹೀಗಾಗಲ್ಲ. ಆದರೆ ಕೊಬ್ಬು ಜಾಸ್ತಿಯಾದರೆ ಗಂಡಸಿನ ಹಾರ್ಮೋನು ಇಳಿಯುತ್ತೆ. ಕೂತಲ್ಲೇ ಕೂತರೆ ತೊಡೆ ಸಂದಿಯ ಶಾಖಕ್ಕೆ ವೀರ್ಯಾಣು ಸೊರಗುತ್ತೆ. ತೂಕ ಇಳಿಸಿದರೆ ಸುಧಾರಿಸಬಹುದು. ಏನೇನು ತಿಂತೀರಿ?"

"ಜಾಸ್ತಿ ಏನಿಲ್ಲ ಮೇಡಂ. ಪ್ರಸಾದ ಅಷ್ಟೆ."

"ಸೋಮವಾರ ಸಿಹಿ ಪೊಂಗಲು, ಶುಕ್ರವಾರ ಸಜ್ಜಿಗೆ, ಶನಿವಾರ ಪುಳಿಯೋಗರೆ," ಅಂದಳು ಹೆಂಡತಿ. "ಬೇಡ ಅಂದ್ರೆ ದೇವರಿಗೆ ಬೇಜಾರಾಗ್ತದಂತೆ. ನಾನು ಮಾತ್ರ ಉಪವಾಸ ಇದ್ದು ಅಶ್ವತ್ಥಕಟ್ಟೆ ಸುತ್ತುತಾ ಇದ್ದೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವಳತ್ತ ತಿರುಗಿದರು. "ನಾಳೆಯಿಂದ ನೀವು ಕಟ್ಟೆ ಮೇಲೆ ಆರಾಮಾಗಿ ಕೂತ್ಕೊಳ್ಳಿ. ಉಪವಾಸ, ಪ್ರದಕ್ಷಿಣೆ ಎರಡೂ ಇವರು ಮಾಡಲಿ."

೩. ನಡಿಗೆ

ಊರಲ್ಲಿ ನಡೆದರೆ ಕಾರಣ ಕೇಳುತ್ತಾರೆಂದು, ಅಂಗಡಿ ತೆರೆಯುವ ಮುಂಚೆ ಕೆ.ಜಿ.ಎಫ್.ನ ಹಳೆ ಗಣಿ ಚಾಂಪಿಯನ್ ರೀಫ್ಸ್ ಕಡೆ ನಡೆಯತೊಡಗಿದೆ. ಅಲ್ಲೂ ಕೇಳಿದರು. ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯೊಂದರ ಬಾಗಿಲಲ್ಲಿ ಕೂತು, "ಏನ್ ಸಾಮಿ, ದಿನಾ ನಡೀತೀರ?" ಅಂದರು. ನಿಜ ಹೇಳಲು ನಾಲಿಗೆ ಏಳಲಿಲ್ಲ. "ಹರಕೆ" ಅಂದುಬಿಟ್ಟೆ. ಅದು ಪೂರ್ತಿ ಸುಳ್ಳೂ ಅಲ್ಲವಲ್ಲ!

ಮಾರನೆಯ ದಿನ ಆ ಮನೆಯಾಕೆ ನನ್ನ ಕಾಲಿಗೆ ಅರಿಶಿನದ ನೀರು ಹಾಕಿ ಪಾನಕ ಕೊಟ್ಟರು. ಅದರ ಮಾರನೆಯ ದಿನ ಪಕ್ಕದ ಮನೆಯವರು ಕಡಲೆಕಾಳಿನ ಸುಂಡಲು. ವಾರದೊಳಗೆ ಇಡೀ ಲೈನಿಗೆ ಸುದ್ದಿ. ವಡೆ, ಬಾಳೆಹಣ್ಣು, ಕೇಸರಿಬಾತು. ಹರಕೆಯವನು ಒಲ್ಲೆ ಅನ್ನಬಹುದೆ? ಕಣ್ಣು ಮುಚ್ಚಿ ದೇವರನ್ನು ನೆನೆದು ತಿಂದೆ.

ತಿಂಗಳ ನಂತರ ಡಾಕ್ಟರಮ್ಮನ ತೂಕದ ಮೆಷಿನ್ ಮೇಲೆ ನಿಂತರೆ ಮುಳ್ಳು ಮುಂಚಿಗಿಂತ ಮುಂದೆ! ಹೆಂಡತಿ ನಡೆದದ್ದನ್ನೆಲ್ಲ ಹೇಳಿದಳು. ಡಾಕ್ಟರಮ್ಮ ಹಣೆ ಹಿಡಿದುಕೊಂಡರು. "ವಾಕಿಂಗ್ ಹೋಗಿ ಅಂದಿದ್ದೆ ಕಣ್ರೀ. ಉತ್ಸವ ಹೊರಡಿ ಅಂದಿರಲಿಲ್ಲ."

೪. ಪಂಕ್ತಿ

ಕಾಮಸಮುದ್ರದಲ್ಲಿ ನೆಂಟರ ಮನೆಯ ಸೀಮಂತ. ಗಂಡಸರೆಲ್ಲ ಊಟಕ್ಕೆ ಕೂತಿದ್ದೆವು. ಎದುರಿಗೇ ಹೆಂಗಸರು ಬಸುರಿಗೆ ಬಳೆ ತೊಡಿಸುತ್ತಿದ್ದರು. ನನ್ನ ಹೆಂಡತಿಯೂ ಬಳೆ ಹಿಡಿದು ಮುಂದೆ ಬಂದಳು. ನನ್ನ ಸೋದರತ್ತೆ ಅವಳ ಕೈ ತಡೆದರು. "ನೀ ಬ್ಯಾಡ ಬುಡಮ್ಮ. ಮಕ್ಳಾದೋರು ತೊಡುಸ್ಲಿ."

ಅವಳು ನಕ್ಕಂತೆ ಮಾಡಿ ಹಿಂದೆ ಸರಿದಳು. ಆ ನಗು ನೋಡಿ ಬಾಯಿಗೆತ್ತಿದ್ದ ಕೋಸಂಬರಿಯನ್ನು ಎಲೆಗೇ ಇಳಿಸಿದೆ. ಅತ್ತೆ ಅಷ್ಟಕ್ಕೇ ಬಿಡದೆ ನನ್ನ ಎಲೆಯ ಹತ್ತಿರ ಬಂದು, "ಎಷ್ಟ್ ದಿನ ಇಂಗೇ ಇರ್ತೀಯ? ಇನ್ನೊಂದು ಸಂಬಂಧ ನೋಡಾಣ ಕಣ್ಲಾ" ಅಂದರು.

ದೇವರೇ ನಾಲಿಗೆ ತಿರುಗಿಸಿರಬೇಕು. "ಅತ್ತೆ, ಅವಳಲ್ಲಿ ಏನೂ ಐಬಿಲ್ಲ. ಕೊರತೆ ಇರೋದು ನನ್ನಲ್ಲಿ. ಈ ಹೊಟ್ಟೆಯಿಂದ ವೀರ್ಯ ಸೊರಗಿದೆ ಅಂತ ಡಾಕ್ಟ್ರು ಹೇಳವ್ರೆ" ಅಂದೆ. ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ; ಪಂಕ್ತಿಯ ಕೊನೆಯವರೆಗೂ ಕೇಳಿಸಿತ್ತು.

ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅತ್ತೆ ನನ್ನ ಹೊಟ್ಟೆಯನ್ನೇ ದಿಟ್ಟಿಸಿ, ತಿರುಗಿ ಹೋಗಿ ನನ್ನ ಹೆಂಡತಿಯ ಕೈ ಹಿಡಿದರು. "ಓಗವ್ವ, ಮೊದ್ಲು ನೀನೇ ತೊಡ್ಸು. ನಂಗೇನ್ ಗೊತ್ತು?" ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುವೋ ನಗುವೋ, ಆ ಭಗವಂತನೇ ಬಲ್ಲ.

ಆಗಲೇ ಬಡಿಸುವವನು ಹೋಳಿಗೆ, ತುಪ್ಪ ತಂದ. ನಾನು ಎಲೆಗೆ ಕೈ ಅಡ್ಡ ಹಿಡಿದೆ. ಪಕ್ಕದವನು ತನ್ನ ಹೊಟ್ಟೆ ನೋಡಿಕೊಂಡು ಅವನೂ ಹಿಡಿದ. ಅವನಾಚೆಯವನೂ ಹಿಡಿದ. ಸೀಮಂತದ ಹುಡುಗಿಯ ಗಂಡ ಎರಡೂ ಕೈ ಹಿಡಿದ. ಬಡಿಸುವವನು ತಟ್ಟೆ ಹೊತ್ತು ಸಾಲು ಪೂರ್ತಿ ನಡೆದರೂ ಒಂದು ಹೋಳಿಗೆಯೂ ಇಳಿಯಲಿಲ್ಲ.

ಕಟ್ಟಕಡೆಗೆ ಕೂತಿದ್ದವರು ಅತ್ತೆಯ ಗಂಡ, ಹಲ್ಲೆಲ್ಲ ಉದುರಿದ ಮುದುಕರು. ಅವರೂ ನಡುಗುವ ಕೈಯನ್ನು ಎಲೆಗೆ ಅಡ್ಡ ಹಿಡಿದು, "ನಂಗೂ ಬ್ಯಾಡಪ್ಪ" ಅಂದರು.

ಅತ್ತೆ ಅಲ್ಲಿಂದಲೇ ಅರಚಿದರು: "ಏಳ್ ಮಕ್ಳ ಎತ್ತು ನನ್ ಸೊಂಟ ಬಿದ್ದೋಗದೆ! ಆವಯ್ಯನ್ ಕೈ ಎತ್ತಿ ನಾಕ್ ಜಾಸ್ತೀನೇ ಆಕ್ರೋ!"