ಸಂಸ್ಥಾನದ ನಾಡಿ ನೋಡಲು ಬಂದ ದೊರೆ

ಒಂದು ರಾಜ್ಯದ ಬೊಕ್ಕಸ ಭದ್ರವಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಬಹಳ ಗಂಭೀರವಾದ ಕೆಲಸ. ಆದರೆ ಅದಕ್ಕಾಗಿ ಊರೂರು ತಿರುಗಲು ಹೊರಟರೆ ಗಾಂಭೀರ್ಯ ಮೊದಲನೇ ಊರಿನಲ್ಲೇ ಗಾಡಿಯಿಂದ ಇಳಿದುಬಿಡುತ್ತದೆ. ಇದು ನಾನು ಕಣ್ಣಾರೆ ಕಂಡ ವಿಷಯ.

ಆಗ ನಮ್ಮ ಮೈಸೂರು ಸಂಸ್ಥಾನದವರು ಹೊಸ ರೈಲುದಾರಿ ಹಾಕಲು ಸಾಲ ಎತ್ತುವ ಯೋಚನೆಯಲ್ಲಿದ್ದರು. ಕೊಡುವವರು ಹೊರಗಿನವರು. ಈ ಸಂಸ್ಥಾನ ಎಷ್ಟು ಗಟ್ಟಿ, ಪ್ರಜೆಗಳ ಕೈಯಲ್ಲಿ ಏನಿದೆ, ಕಂದಾಯ ವರ್ಷ ವರ್ಷವೂ ನಿಲ್ಲದೆ ಬಂದೀತೇ ಎಂದು ನೋಡಿ ಬರಲು ಅವರು ಒಬ್ಬ ಇಂಗ್ಲಿಷ್ ದೊರೆಯನ್ನು ಕಳಿಸಿದರು. ದೊರೆ ಮೈಸೂರಿನಲ್ಲಿ ಲೆಕ್ಕಪತ್ರ ನೋಡಿ ಮುಗಿಸಿ, "ಕಾಗದ ನೋಡಿದ್ದಾಯಿತು, ಇನ್ನು ಮನುಷ್ಯರನ್ನು ನೋಡಬೇಕು" ಎಂದು ರೈಲು ಹತ್ತಿ ನಂಜನಗೂಡಿಗೆ ಬಂದಿಳಿದರು. ನಾನು ಆಗ ಅಲ್ಲಿ ಇಂಗ್ಲಿಷ್ ಹೇಳಿಕೊಡುವ ಹಂಗಾಮಿ ಮೇಷ್ಟರು. ಯಾವಾಗ ಮನೆಗೆ ಕಳಿಸುತ್ತಾರೋ ಗೊತ್ತಿಲ್ಲದ ಕೆಲಸ. ದೊರೆಗೆ ದುಭಾಷಿ ಬೇಕು ಎಂದಾಗ ನನ್ನನ್ನು ಅವರ ಹಿಂದೆ ಹಚ್ಚಿದರು. ಹಾಗೆ ಹಚ್ಚಿದವರಿಗೂ, ಆ ದೊರೆಗೂ, ದಾರಿಯುದ್ದಕ್ಕೂ ನಮ್ಮಿಬ್ಬರ ಎಲೆಗೆ ಅನ್ನ ಬಡಿಸಿದ ತಾಯಂದಿರಿಗೂ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ರಫ್ತು ಎಲ್ಲಿಗೆ?

ದೊರೆ ಮದರಾಸಿನಲ್ಲಿ ಒಬ್ಬ ಮುನ್ಷಿಯ ಹತ್ತಿರ ಒಂದಿಷ್ಟು ಕನ್ನಡ ಕಲಿತಿದ್ದರು. ಅದು ಪುಸ್ತಕದ ಕನ್ನಡ. ಒಂದೊಂದು ಅಕ್ಷರವೂ ಇಸ್ತ್ರಿ ಹಾಕಿದ ಹಾಗಿರುತ್ತಿತ್ತು. ನಂಜನಗೂಡಿನ ಸ್ಟೇಷನ್ ಹತ್ತಿರ ಒಬ್ಬ ಹೆಂಗಸು ರಸಬಾಳೆ ಗೊನೆಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ನಾನು ಗಾಡಿಯವನ ಜೊತೆ ಬಾಡಿಗೆ ಮಾತಾಡುತ್ತಿದ್ದೆ. ಅಷ್ಟರಲ್ಲಿ ದೊರೆ ತಾವೇ ಹೋಗಿ ಕೇಳಿಬಿಟ್ಟರು:

"ಅಮ್ಮಾ, ಈ ಫಲಗಳು ಯಾವ ಸ್ಥಳಕ್ಕೆ ಹೋಗುತ್ತವೆ?"

ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಇನ್ನೆಲ್ಗೋದವು ಬುದ್ಧೀ? ಒಟ್ಟೆಗೆ ಓಯ್ತವೆ" ಎಂದಳು.

ದೊರೆ ಖುಷಿಯಾಗಿ ನನ್ನ ಹತ್ತಿರ ಬಂದು ಭೂಪಟ ಬಿಚ್ಚಿದರು. ಉತ್ತರ ದಕ್ಷಿಣ ಎಲ್ಲ ಹುಡುಕಿದರು. ಕೊನೆಗೆ, "ಮೇಷ್ಟ್ರೇ, ಇಲ್ಲಿಂದ ಹೋಗುವ ಹಣ್ಣೆಲ್ಲ ಒಟ್ಟೆ ಎಂಬ ಊರಿಗೇ ಹೋಗುತ್ತದಂತೆ. ದೊಡ್ಡ ಮಾರುಕಟ್ಟೆ ಇರಬೇಕು. ಅದು ಮೈಸೂರಿಗೆ ಸೇರಿದ್ದೋ, ಮದರಾಸಿಗೆ ಸೇರಿದ್ದೋ?" ಎಂದರು.

ನಾನು ನನ್ನ ಹೊಟ್ಟೆ ಮುಟ್ಟಿ ತೋರಿಸಿದೆ. "ಇದೊಂದು ಮೈಸೂರಿಗೆ ಸೇರಿದ್ದು, ದೊರೆಗಳೇ. ತಮ್ಮದು ಮಾತ್ರ ಹೊರದೇಶದ್ದು."

ಬಂಡವಾಳದ ಓಟ

ನಂಜನಗೂಡಿನಿಂದ ನರಸೀಪುರಕ್ಕೆ ಗಾಡಿಯಲ್ಲಿ ಹೋಗುವಾಗ ಕಪಿಲೆಯ ದಡದ ಒಂದು ಹಳ್ಳಿಯಲ್ಲಿ ನಿಲ್ಲುವುದೆಂದಾಗಿತ್ತು. ಹಳ್ಳಿಯ ಪಟೇಲರು ಅರ್ಧ ದಾರಿಗೇ ಎದುರು ಬಂದು ನನ್ನನ್ನು ಹುಣಿಸೆಮರದ ಮರೆಗೆ ಕರೆದರು. ಮುಖ ಬಾಡಿಹೋಗಿತ್ತು.

"ಮೇಷ್ಟ್ರೇ, ಈ ದೊರೆ ಕಂದಾಯ ಏರ್ಸಕ್ಕೆ ಬಂದವ್ರೋ, ದುಡ್ ಕೊಡಕ್ಕೆ ಬಂದವ್ರೋ?"

"ಎರಡೂ ಅಲ್ಲ. ನಮ್ಮ ಜನ ಹೇಗಿದ್ದಾರೆ ಅಂತ ನೋಡೋಕೆ ಬಂದಿದ್ದಾರೆ."

"ಅಂಗಂದ್ರೆ ಎಂಗೆ? ಕಂದಾಯದೋರು ಅಂದ್ಕಂಡು ನೆನ್ನೆನೇ ನಮ್ ದನ ಎಲ್ಲ ಒಲದ್ ಕಡೆ ಅಟ್ಟಿವ್ನಿ. ಈಗ ನಾವು ಬಡವ್ರಾಗ್ಬೇಕೋ ಸಾವ್ಕಾರ್ರಾಗ್ಬೇಕೋ, ಒಂದ್ ಮಾತ್ ಏಳ್ಬುಡಿ. ಅಂಗೇ ಆಗ್ಬುಡ್ತೀವಿ."

"ಇದ್ದ ಹಾಗೇ ಇರಿ ಗೌಡ್ರೇ" ಎಂದೆ.

"ಇದ್ದಂಗಿದ್ರೆ ಅದ್ನ ನೋಡಕ್ಕೆ ಅಷ್ಟು ದೂರದಿಂದ ಯಾಕ್ ಬತ್ತರೆ?" ಎಂದು ಅವರು ತಲೆ ಕೆರೆದುಕೊಳ್ಳುತ್ತಾ ಹೋದರು.

ನಾವು ದಾರಿಯಲ್ಲಿ ತಂಗಿದ್ದು ಬಿಸಿಲಿಳಿದ ಮೇಲೆ ಹಳ್ಳಿ ಸೇರಿದೆವು. ಊರ ಮುಂದಿನ ಬಯಲು ತುಂಬ ಎತ್ತುಗಳು. ಕೊಂಬಿಗೆ ಎಣ್ಣೆ, ಕೊರಳಿಗೆ ಗೆಜ್ಜೆ. ಪಟೇಲರು ಸಾವುಕಾರರಾಗುವುದೇ ವಾಸಿ ಎಂದು ತೀರ್ಮಾನಿಸಿದ್ದರು. ಆದರೆ ಹೊಲದ ಕಡೆ ಅಟ್ಟಿದ್ದ ದನ ಹುಡುಕಿಸಲು ಹೊತ್ತಿರಲಿಲ್ಲ. ಅದಕ್ಕೆ ಹೊಳೆಯಾಚೆಯ ನೆಂಟರ ಊರಿನಿಂದ ಒಂದು ಮಧ್ಯಾಹ್ನದ ಮಟ್ಟಿಗೆ ಎತ್ತು ತರಿಸಿ ಕಟ್ಟಿದ್ದರು. ಇದು ನನಗೆ ಆಮೇಲೆ ತಿಳಿದದ್ದು.

ದೊರೆ ಬೆರಗಾದರು. ಒಂದೊಂದು ಎತ್ತಿನ ಬೆನ್ನು ತಟ್ಟಿದರು. "ದೇಶದ ನಿಜವಾದ ಬಂಡವಾಳ ಇದು. ಇದು ಇರುವ ತನಕ ಯಾವ ಸರ್ಕಾರವೂ ದಿವಾಳಿಯಾಗುವುದಿಲ್ಲ" ಎಂದು ನನಗೆ ಪಾಠ ಹೇಳಿದರು. ಪಟೇಲರು ನಮ್ಮನ್ನು ಜಗಲಿಯಲ್ಲಿ ಕೂರಿಸಿ ಎಳನೀರು ಕೊಟ್ಟರು. ಹೊತ್ತು ಇಳಿಯುತ್ತಾ ಬಂತು. ನೀರಿಗೆ ಬಿಡಲೆಂದು ಎತ್ತುಗಳ ಹಗ್ಗ ಬಿಚ್ಚಿದರೋ ಇಲ್ಲವೋ, ಮುಂದಿನ ಎತ್ತು ತಲೆ ಎತ್ತಿ ಹೊಳೆ ಕಡೆ ನೋಡಿ ಒಂದು ಸಲ ಕೂಗಿತು. ಅಷ್ಟೇ. ಬಯಲಿನಲ್ಲಿದ್ದ ಎತ್ತೆಲ್ಲ ತಂತಮ್ಮ ಕೊಟ್ಟಿಗೆ ನೆನಪಾಗಿ ಗೆಜ್ಜೆ ಸದ್ದು ಮಾಡುತ್ತಾ ಹೊಳೆಗೆ ಇಳಿದವು. ಪಟೇಲರು ಶಲ್ಯ ಬೀಸುತ್ತಾ "ಇಡೀರ್ಲಾ! ಇಡೀರ್ಲಾ!" ಎಂದು ಓಡಿದರು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಎತ್ತುಗಳು ಆಚೆ ದಡದಲ್ಲಿದ್ದವು. ಈಚೆ ಬಯಲಿನಲ್ಲಿ ಉಳಿದದ್ದು ಸಗಣಿ ಮಾತ್ರ.

ಈಗ ದೊರೆ ಸಿಡುಕುತ್ತಾರೆ, ಸಂಸ್ಥಾನದ ಮಾನ ಹೊಳೆಯ ಪಾಲಾಯಿತು ಎಂದು ನಾನು ಅಂದುಕೊಂಡೆ. ದೊರೆ ಎಳನೀರಿನ ಬುರುಡೆ ಕೆಳಗಿಟ್ಟು ಹೇಳಿದರು: "ಬಂಡವಾಳ ಗಡಿ ದಾಟಿ ಓಡಿಹೋಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಮೇಷ್ಟ್ರೇ. ಬಾಲ ಎತ್ತಿಕೊಂಡು ಓಡುತ್ತದೆ ಎಂದು ಅಲ್ಲಿ ಬರೆದಿರಲಿಲ್ಲ."

ಸ್ಥಿರತೆ

ನರಸೀಪುರದಿಂದ ಮುಡುಕುತೊರೆ ಕಡೆಗೆ ಹೋಗುವಾಗ ಹರಿಗೋಲಿನಲ್ಲಿ ಹೊಳೆ ದಾಟಬೇಕಾಯಿತು. ದೊರೆ ಹರಿಗೋಲಿನ ನಡುವೆ ಕೂತು ನನಗೆ ಸರ್ಕಾರದ ಆದಾಯ ವೆಚ್ಚಗಳ ಸಮತೋಲನ ವಿವರಿಸುತ್ತಿದ್ದರು. ಕೈ ಎತ್ತಿ, ಮೈ ಬಾಗಿಸಿ, ಬಹಳ ಉತ್ಸಾಹದಿಂದ. ಅವರು ಬಾಗಿದ ಕಡೆಗೆಲ್ಲ ಹರಿಗೋಲೂ ಬಾಗುತ್ತಿತ್ತು. ಅಂಬಿಗನಿಗೆ ಜೀವ ಹಾರಿಹೋದಂತಾಯಿತು.

"ಏನಂತವ್ರೆ ಸಾಮಿ?" ಎಂದು ನನ್ನನ್ನು ಕೇಳಿದ.

"ಸಂಸ್ಥಾನ ಅಲುಗಾಡದೆ ನಿಲ್ಲಬೇಕಾದರೆ ಏನು ಮಾಡಬೇಕು ಅಂತ ಹೇಳ್ತಿದ್ದಾರೆ."

"ಮೊದ್ಲು ಅವ್ರು ಅಲ್ಲಾಡ್ದಂಗೆ ಕೂತ್ಕಳ್ಲಿ ಅಂತ ಏಳಿ ಸಾಮಿ! ಏಳಿ! ಬೇಗ ಏಳಿ!"

ಅವನು ಹೇಳಿದ್ದು 'ಹೇಳಿ' ಎಂದು. ಆದರೆ ದೊರೆಯ ಮುನ್ಷಿ 'ಏಳಿ' ಎಂದರೆ ಎದ್ದು ನಿಲ್ಲಿ ಎಂದು ಕಲಿಸಿದ್ದ. ಇಷ್ಟು ಹೊತ್ತಿಗೆ ಒಂದು ಮಾತಾದರೂ ತಾನೇ ಅರ್ಥಮಾಡಿಕೊಂಡೆನಲ್ಲ ಎಂಬ ಸಂತೋಷದಲ್ಲಿ ದೊರೆ ಚಟ್ಟನೆ ಎದ್ದು ನಿಂತರು.

ದಡ ಹತ್ತಿರವಿತ್ತು, ನೀರು ಸೊಂಟದ ಮಟ್ಟ. ಹಾಗಾಗಿ ಈ ಕಥೆ ಹೇಳಲು ನಾನು ಉಳಿದಿದ್ದೇನೆ. ಮೊದಲು ದೊರೆ, ಆಮೇಲೆ ಅವರನ್ನು ಹಿಡಿಯಲು ಹೋದ ನಾನು, ಆಮೇಲೆ ನಮ್ಮಿಬ್ಬರನ್ನೂ ಹಿಡಿಯಲು ಹೋದ ಅಂಬಿಗ, ಮೂವರೂ ಕಾವೇರಿಯಲ್ಲಿ ನಿಂತಿದ್ದೆವು. ಖಾಲಿ ಹರಿಗೋಲು ಮಾತ್ರ ಪಕ್ಕದಲ್ಲಿ ನೆಟ್ಟಗೆ ತೇಲುತ್ತಿತ್ತು.

ದೊರೆ ಅದನ್ನೇ ನೋಡುತ್ತಾ ಮೀಸೆಯ ನೀರು ಹಿಂಡಿಕೊಂಡರು. "ಈಗ ಪೂರ್ತಿ ಸ್ಥಿರವಾಗಿದೆ. ಪರೀಕ್ಷೆ ಮಾಡುವವರು ಇಳಿದರೆ ಸಾಕು ಎಂದಾಯಿತು."

ಆರೋಗ್ಯ ತಪಾಸಣೆ

ಹೆಮ್ಮಿಗೆಯಲ್ಲಿ ಆದದ್ದು ನನ್ನ ತರ್ಜುಮೆಯ ಫಲ. ಸಂಸ್ಥಾನದ ಹಣಕಾಸಿನ ಆರೋಗ್ಯ ಹೇಗಿದೆ ಎಂದು ನೋಡಲು ಬಂದಿದ್ದೇನೆ ಎಂದು ದೊರೆ ಇಂಗ್ಲಿಷಿನಲ್ಲಿ ಹೇಳಿದರು. ಹಣಕಾಸು ಎಂದರೆ ಜನ ಗಾಬರಿಯಾಗುತ್ತಾರೆ ಎಂದು ನಾನು ಅದನ್ನು ಬಿಟ್ಟು, "ದೊರೆಗಳು ನಿಮ್ಮೆಲ್ಲರ ಆರೋಗ್ಯ ನೋಡಲು ಬಂದಿದ್ದಾರೆ" ಎಂದೆ.

ಯಾರೂ ಗಾಬರಿಯಾಗಲಿಲ್ಲ. ಎಲ್ಲರೂ ಸಾಲಾಗಿ ನಿಂತು ನಾಲಿಗೆ ಚಾಚಿದರು.

ನಾನು ತಪ್ಪು ತಿದ್ದಲು ಬಾಯಿ ತೆರೆಯುವುದರೊಳಗೆ ಒಬ್ಬಾತ ತನ್ನ ಹಸುವಿನ ಬಾಯನ್ನೂ ತೆರೆದು ಹಿಡಿದಿದ್ದ. ಒಬ್ಬ ಸೊಸೆ ತನ್ನ ಅತ್ತೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದು ದೊರೆಯ ಮುಂದೆ ಕೂರಿಸಿದಳು. "ಮಂಡಿ ಬುದ್ಧೀ. ವರ್ಸದಿಂದ ಕಾಲ್ ಮಡಸಕ್ಕಾಗಕಿಲ್ಲ" ಎಂದಳು.

ದೊರೆ ನನ್ನ ಕಡೆ ನೋಡಿದರು. ಅಲ್ಲಿದ್ದ ಮುಖಗಳ ಕಡೆ ನೋಡಿದರು. ಕೋಟು ಬಿಚ್ಚಿ, ತಮ್ಮ ಕಾಲು ನೋವಿಗೆಂದು ಇಟ್ಟುಕೊಂಡಿದ್ದ ಮುಲಾಮಿನ ಡಬ್ಬಿ ತೆಗೆದು ಆ ಮುದುಕಿಯ ಮಂಡಿಗೆ ತಾವೇ ತಿಕ್ಕಿದರು. ಡಬ್ಬಿಯನ್ನೂ ಆಕೆಯ ಕೈಗೇ ಕೊಟ್ಟುಬಿಟ್ಟರು.

ಮಾರನೆಯ ದಿನ ನಾವು ಹೊರಡುವಾಗ ಆ ಮುದುಕಿ ತಾನೇ ನಡೆದುಕೊಂಡು ಬಂದು ಗಾಡಿ ತಡೆದಳು. ದೊರೆಯ ಕೈಗೆ ಒಂದು ಕುಂಬಳಕಾಯಿ ಕೊಟ್ಟಳು. ದೊರೆ ನಿಜಕ್ಕೂ ನೋಡಲು ಬಂದದ್ದು ಸರ್ಕಾರದ ಆರೋಗ್ಯವನ್ನು ಎಂದು ಅವಳಿಗೆ ಯಾರೋ ವಿವರಿಸಿದ್ದರೆಂದು ಕಾಣುತ್ತದೆ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ನನ್ ಮಂಡಿ ವಾಸಿ ಆಯ್ತು ಕಣಪ್ಪ. ಸರ್ಕಾರಕ್ಕೆ ಎಲ್ಲಿ ನೋವಂತೆ?"

ಗೌಡ್ತಿಯ ವರದಿ

ಪ್ರವಾಸ ಮುಗಿದ ಮೇಲೆ ದೊರೆ ಒಳ್ಳೆಯ ವರದಿಯನ್ನೇ ಕೊಟ್ಟರು, ಸಂಸ್ಥಾನಕ್ಕೆ ಸಾಲ ಸಿಕ್ಕಿತು. ನನ್ನ ಬಗ್ಗೆಯೂ ಒಂದು ಒಳ್ಳೆಯ ಮಾತು ಹೇಳಿ ಹೋಗಿದ್ದರು. ಅದರಿಂದ ನನ್ನ ಹಂಗಾಮಿ ಕೆಲಸ ಕಾಯಂ ಆಯಿತು. ಅಲ್ಲಿಂದಾಚೆ ನಾನು ಉಂಡ ಅನ್ನದಲ್ಲೆಲ್ಲ ಅವರದೂ ಒಂದು ತುತ್ತಿದೆ. ಆದರೆ ನಮ್ಮ ಕಡೆಯಿಂದ ಅವರ ಬಗ್ಗೆ ಒಂದು ವರದಿ ಆಗಿತ್ತೆಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅದಾದದ್ದು ಮುಡುಕುತೊರೆಯ ಬಳಿ. ಒಂದು ಮನೆಯ ಸಂಸಾರವನ್ನು ಒಳಗಿನಿಂದ ತಿಳಿದರೆ ದೇಶದ ಸ್ಥಿತಿ ತಿಳಿಯುತ್ತದೆ ಎಂದು ದೊರೆ ಅಲ್ಲಿಯ ಒಂದು ದೊಡ್ಡ ಒಕ್ಕಲು ಮನೆಗೆ ಹೋದರು. ಗಂಡ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ನಡೆಸುತ್ತಿದ್ದವರು ಒಬ್ಬ ವಯಸ್ಸಾದ ಗೌಡ್ತಿ. ಮಹಾರಾಜರು ಸಾಲ ಕೇಳಿದ್ದರಿಂದ ದೊರೆ ನೋಡಲು ಬಂದಿದ್ದಾರೆ ಎಂದು ನಾನು ಅವರಿಗೆ ಮೊದಲೇ ತಿಳಿಸಿದ್ದೆ. ದೊರೆ ಕೇಳಿದ್ದಕ್ಕೆಲ್ಲ ಆಕೆ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಾ ಸಮಾಧಾನವಾಗಿ ಉತ್ತರ ಕೊಟ್ಟರು. ಎಷ್ಟು ಬೆಳೆಯುತ್ತೀರಿ, ಎಷ್ಟು ಮಾರುತ್ತೀರಿ, ಮಳೆ ತಪ್ಪಿದರೆ ಏನು ಮಾಡುತ್ತೀರಿ, ಎಲ್ಲಕ್ಕೂ. ಆಮೇಲೆ ನನ್ನನ್ನು ಕೇಳಿದರು: "ಮೇಷ್ಟ್ರೇ, ನಾನೂ ಒಸಿ ಕೇಳ್ಬೋದಾ?"

ಧಾರಾಳವಾಗಿ ಎಂದರು ದೊರೆ.

"ದೊರೆಗೆ ಗದ್ದೆ ಎಷ್ಟದೆ?"

"ಇಲ್ಲ" ಎಂದು ಹೇಳಿದೆ.

"ಒಲ?"

"ಅದೂ ಇಲ್ಲವಂತೆ."

"ಕರಾವು? ಅಸ, ಎಮ್ಮೆ?"

"ಒಂದು ಕುದುರೆ ಇತ್ತಂತೆ. ಮಾರಿದರಂತೆ."

ಆಕೆಯ ಬಾಯಲ್ಲಿ ಎಲೆಅಡಿಕೆ ನಿಂತಿತು. "ಮನೆನಾದ್ರೂ ಸ್ವಂತದ್ದಾ?"

"ಬಾಡಿಗೆ ಮನೆ."

"ಮತ್ತೆ ಉಣ್ಣಕ್ಕೆ ಅಕ್ಕಿ?"

"ಅಂಗಡಿಯಿಂದ ತರಿಸುತ್ತಾರಂತೆ."

"ಆಲು?"

"ಹಾಲೂ ಕೊಂಡುಕೊಳ್ಳುತ್ತಾರೆ."

"ಉಪ್ಪಿನ್ಕಾಯಾದ್ರೂ ಮನೇಲಾಕ್ತಾರಾ?"

ದೊರೆ ಬಹಳ ಪ್ರಾಮಾಣಿಕರು. "ಅದೂ ಸೀಸೆಯಲ್ಲಿ ಕೊಂಡುಕೊಳ್ಳುತ್ತೇವೆ" ಎಂದು ತಾವೇ ಕನ್ನಡದಲ್ಲಿ ಒಪ್ಪಿಕೊಂಡರು.

ಗೌಡ್ತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಆಳುಗಳು ನಮ್ಮ ಗಾಡಿಗೆ ಒಂದು ಮೂಟೆ ರಾಗಿ ತಂದು ಹಾಕಿದರು. ಆಮೇಲೆ ಬೆಲ್ಲ ಬಂತು. ತುಪ್ಪ ಬಂತು. ಉಪ್ಪಿನಕಾಯಿಯ ಜಾಡಿಯೊಂದು ಬಹಳ ಜೋಪಾನವಾಗಿ ಬಂತು. ಕೊನೆಗೆ ಕಾಲು ಕಟ್ಟಿದ ಒಂದು ಕೋಳಿ ಬಂದು ದೊರೆಯ ಪಕ್ಕದಲ್ಲೇ ಕೂತಿತು.

"ಇದೆಲ್ಲ ಏನು, ಮೇಷ್ಟ್ರೇ?" ಎಂದರು ದೊರೆ.

"ತಮ್ಮ ಹಣಕಾಸಿನ ಸ್ಥಿತಿ ನೋಡಿ ಅವರಿಗೆ ಬಹಳ ಕಳವಳವಾಗಿದೆ" ಎಂದೆ.

ದೊರೆ ಗಾಡಿಯೊಳಗೆ ಕೋಳಿಯನ್ನು ಅಪ್ಪಿಕೊಂಡು ಬಿದ್ದು ಬಿದ್ದು ನಕ್ಕರು. ಆಮೇಲೆ ಇಳಿದು, ಟೋಪಿ ತೆಗೆದು, ಗೌಡ್ತಿಗೆ ನಮ್ಮವರ ಹಾಗೆಯೇ ಎರಡು ಕೈ ಜೋಡಿಸಿದರು. ಆಕೆ "ಚೆನ್ನಾಗಿರಪ್ಪ" ಎಂದರು. ಗಾಡಿ ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, ದೊರೆಗೆ ಕೇಳಿಸದಂತೆ ದನಿ ತಗ್ಗಿಸಿದರು:

"ಅಲ್ಲ ಮೇಷ್ಟ್ರೇ, ಇವ್ರತ್ರ ಸಾಲ ಕೇಳಕ್ಕೆ ನಿಮ್ಗಾದ್ರೂ ಮನ್ಸು ಎಂಗ್ ಬಂತು? ಮಾರಾಜ್ರಿಗೆ ಏಳ್ಬುಡಿ. ಬೇಕಾದ್ರೆ ನಾವೇ ಒಸಿ ಒಸಿ ಆಕಿ ಕೊಟ್ಟೇವು. ಈ ಬಡಪಾಯಿನ ಮಾತ್ರ ಬುಟ್ಬುಡಿ ಅನ್ನಿ."