ಅಂಗಾಲಿನಿಂದ ಓದಿದ ಇತಿಹಾಸ

ನಮ್ಮ ದೊಡ್ಡಪ್ಪನ ಪ್ರಕಾರ ದೇವರು ಎಲ್ಲರಿಗೂ ಬುದ್ಧಿಯನ್ನು ತಲೆಯಲ್ಲೇ ಇಟ್ಟಿಲ್ಲ! ಕೆಲವರಿಗೆ ಕಿವಿಯಲ್ಲಿ, ಕೆಲವರಿಗೆ ಕೈಬೆರಳಲ್ಲಿ. ನನಗೆ ಮಾತ್ರ, ಅವರು ಕೂಲಂಕಷವಾಗಿ ಪರೀಕ್ಷಿಸಿ ಹೇಳಿದಂತೆ, ಅಂಗಾಲಿನಲ್ಲಿ.

ಎಪ್ಪತ್ತರ ದಶಕದ ಕೊನೆ. ಎಸ್ಸೆಸ್ಸೆಲ್ಸಿಯ ಸಮಾಜ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ನ್ಯಾಮತಿಯ ಮನೆಯಲ್ಲಿ ಮೂಲೆ ಹಿಡಿದಿದ್ದೆ. "ಸೆಪ್ಟೆಂಬರಿನಾಗೂ ಫೇಲಾದ್ರೆ ಓದು ಸಾಕು. ಜಗಳೂರಿನ ಗಂಡು ಕಾಯ್ತಾ ಐತೆ" ಎಂದು ಅಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದರು. ನನಗೋ ಟೀಚರಾಗುವ ಆಸೆ. ಆಗ ದೊಡ್ಡಪ್ಪ, "ಹುಡುಗೀನ ನನ್ ಕೈಗೆ ಬಿಡು" ಎಂದು ನನ್ನನ್ನು ತಮ್ಮೂರು ಹೊನ್ನಾಳಿಗೆ ಹೊರಡಿಸಿದರು. ಹೊನ್ನಾಳಿಯಲ್ಲಿ ಬಸ್ಸಿಳಿದರು, ನನ್ನ ಟ್ರಂಕು ಇಳಿಸಿಕೊಂಡರು, ಮನೆಗೆ ಹೋದರು. ನಾನಿನ್ನೂ ಬಸ್ಸಿನಲ್ಲೇ ನಿದ್ದೆ ಹೊಡೆಯುತ್ತಿದ್ದೆ! ಕಂಡಕ್ಟರ್ ಎಬ್ಬಿಸದಿದ್ದರೆ ದಾವಣಗೆರೆ ಸೇರುತ್ತಿದ್ದೆ.

ಇಂಥ ಮರೆಗುಳಿ ದೊಡ್ಡಪ್ಪ ಜ್ಞಾಪಕಶಕ್ತಿಗೆ ಔಷಧ ಬೇರೆ ಕಂಡುಹಿಡಿದಿದ್ದರು: ಚೌಕಾಬಾರ! "ದಿನಾ ಎರಡಾಟ ಆಡಿದ್ರೆ ತಲೆ ಕುಡುಗೋಲಿನಂಗೆ ಹರಿತ ಆಗ್ತೈತೆ." ಹಿಂದೆಂದೋ ಒಂದು ದೀಪಾವಳಿಯಲ್ಲಿ ದೊಡ್ಡಮ್ಮ ದೊಡ್ಡಪ್ಪನ ಯಾವ ಕಾಯಿ ಹೊಡೆದರೆಂಬುದು ಅವರಿಗೆ ಕಣ್ಣಿಗೆ ಕಟ್ಟಿದಂತಿತ್ತು. ಬೆಳಿಗ್ಗೆ ತರಲು ಹೇಳಿದ ಹುಣಸೆಹಣ್ಣು ನೆನಪಿರಲಿಲ್ಲ.

"ಚೌಕಾಬಾರ ಆಡಿದ್ರೆ ಚೌಕಾಬಾರ ಚೆನ್ನಾಗಿ ಆಡಾಕೆ ಬರ್ತೈತೆ ಅಷ್ಟೇ ಕಣ್ರೀ. ಸಾರಿಗೆ ಹುಳಿ ಬರಾಕಿಲ್ಲ" ಎಂದರು ದೊಡ್ಡಮ್ಮ. ಇದಕ್ಕಿಂತ ದೊಡ್ಡ ಸಂಶೋಧನೆ ಬೇಕೇ?

ಮರುದಿನದಿಂದ ದೊಡ್ಡಪ್ಪ ನನ್ನ ಅಂಗಾಲಿಗೆ ಪಾಠ ಶುರುಮಾಡಿದರು: ನಡೆಯುವುದು, ಒಂದೊಂದು ಕಡೆ ನಿಂತು ಒಂದೊಂದು ಪಾಠ ಓದುವುದು. ಮನೆಯ ಬಾಗಿಲಲ್ಲಿ ಅಶೋಕ, ಹಿಟ್ಟಿನ ಗಿರಣಿಯ ಮುಂದೆ ಅಕ್ಬರ, ರೈಸ್ ಮಿಲ್ಲಿನ ಗೇಟಿನಲ್ಲಿ ಪಾಣಿಪತ್ ಯುದ್ಧ! ದೊಡ್ಡಪ್ಪ ಮುಂದೆ, ಪುಸ್ತಕ ಹಿಡಿದ ನಾನು ಹಿಂದೆ. ಮಿಲ್ಲಿನ ಹೆಂಗಸರು ಸುಮ್ಮನಿರುತ್ತಾರೆಯೇ? "ಏನವ್ವಾ, ಇವತ್ತಾದ್ರೂ ಯುದ್ಧ ಮುಗೀತೈತಾ?" ಎಂದು ಕಿಚಾಯಿಸುತ್ತಿದ್ದರು. ನಾಚಿಕೆಯಿಂದ ನೆಲ ನೋಡುತ್ತಲೇ ನಡೆದೆ. ಆದರೆ ಆಶ್ಚರ್ಯ, ಪಾಠ ತಲೆಗೆ ಹತ್ತತೊಡಗಿತು.

ಪರೀಕ್ಷೆಯ ದಿನ ದೊಡ್ಡಪ್ಪ ನೇರ ಮೇಲ್ವಿಚಾರಕರ ಬಳಿ ಹೋದರು. "ಸಾಹೇಬ್ರೇ, ನಮ್ ಹುಡುಗೀನ ಒಂದೀಟು ಓಡಾಡಾಕೆ ಬಿಡ್ರಿ. ಕೂರಿಸಿದ್ರೆ ಎಲ್ಲಾ ಮರೀತಾಳೆ."

"ಹಂಗಾದ್ರೆ ನಿಮ್ಮನ್ನೂ ಬೆಂಚಿನ ಮ್ಯಾಲೆ ಕೂರಿಸ್ತೀನಿ, ಯಾಕೆ ಬಂದ್ರಿ ಅನ್ನೋದಾದ್ರೂ ಮರೀರಿ! ನಡೀರಿ ಆಚೆ."

ಅವರನ್ನು ಕಳಿಸಿದರು. ನಾನು ಕೂತೆ. ಪ್ರಶ್ನೆಪತ್ರಿಕೆ ನೋಡಿದರೆ, ತಲೆಯಲ್ಲಿ ಅಶೋಕನೂ ಇಲ್ಲ, ಅಕ್ಬರನೂ ಇಲ್ಲ, ಪೂರ್ತಿ ಖಾಲಿ! ಜಗಳೂರಿನ ಗಂಡು ಒಬ್ಬನೇ ಕಣ್ಣ ಮುಂದೆ. ಅಳು ಒತ್ತರಿಸಿ ಬಂದು ಕಿಟಕಿಯತ್ತ ತಿರುಗಿದೆ.

ಕಾಂಪೌಂಡಿನಾಚೆ ಉರಿಬಿಸಿಲಿನಲ್ಲಿ ದೊಡ್ಡಪ್ಪ ನಡೆಯುತ್ತಿದ್ದರು. ಸ್ವಲ್ಪ ದೂರ ಹೋಗಿ ನಿಂತರು. ಅರೆ, ಹಿಟ್ಟಿನ ಗಿರಣಿಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ! ಅಕ್ಬರ ಬಂದ. ಮತ್ತೆ ನಡೆದು ನಿಂತರು. ಮಿಲ್ಲಿನ ಗೇಟು! ಅವರು ನಿಂತಲ್ಲೆಲ್ಲ ನನಗೊಂದು ಉತ್ತರ. ಗಂಟೆ ಹೊಡೆಯುವವರೆಗೂ ಅವರು ನಡೆದರು, ನಾನು ಬರೆದೆ.

ಪಾಸಾದೆ. ಜಗಳೂರಿನ ಗಂಡು ಬೇರೆ ಹೆಣ್ಣು ನೋಡಿಕೊಂಡ. ಫಲಿತಾಂಶದ ದಿನ ದೊಡ್ಡಪ್ಪನನ್ನು ಕೇಳಿದೆ, "ಹುಣಸೆಹಣ್ಣು ಮರೆಯೋರು ನೀವು. ಎಲ್ಲೆಲ್ಲಿ ನಿಲ್ಲಬೇಕು ಅಂತ ಅಷ್ಟು ಸರಿಯಾಗಿ ಹೆಂಗೆ ನೆನಪಿಟ್ಟಿರಿ?"

ದೊಡ್ಡಪ್ಪ ಕಕ್ಕಾಬಿಕ್ಕಿಯಾದರು. "ನೆನಪೆಲ್ಲಿ ಬಂತವ್ವಾ? ಮೊಣಕಾಲು ನೋಯ್ತಿತ್ತು, ಅದಕ್ಕೆ ನಿಲ್ತಿದ್ದೆ."

"ಮತ್ತೆ ನೆರಳಿನಾಗೆ ಕೂರಬಾರದಿತ್ತಾ?"

"ನೀನು ಒಳಗೆ ಒಬ್ಬಳೇ ಒದ್ದಾಡ್ತಿರ್ತೀಯ" ಎಂದರು, "ನಾನೆಂಗೆ ಕೂರ್ಲಿ?"

ಗಟ್ಟಿಯಾಗಿ ಅತ್ತುಬಿಟ್ಟೆ.