ಬೀಗರ ಮಗ್ಗುಲಿಗೆ ಬೀಗರ ಪೆಟ್ಟಿಗೆ

ನಮ್ಮ ಸೋದರಮಾವನಿಗೆ ಒಂದಾದ ಮೇಲೆ ಎರಡು ಬರುತ್ತದೆ ಎಂಬುದರಲ್ಲಿ ನಂಬಿಕೆಯಿಲ್ಲ. ಇಂಥವನ ಕೈಗೆ ಇಡೀ ತಾಲೂಕಿನ ಹಳೇ ಕಾಗದಗಳ ಕೋಣೆಯ ಕೀಲಿ ಕೊಟ್ಟಿದೆ ಸರ್ಕಾರ! ನಾನು ಯಾರ ಮುಂದೆ ತಲೆ ಚಚ್ಚಿಕೊಳ್ಳಲಿ?

ಲೋಕದಲ್ಲಿ ಕಾಗದಪತ್ರದ ಪೆಟ್ಟಿಗೆಗಳನ್ನು ನಂಬರಿನ ಪ್ರಕಾರ ಇಡುತ್ತಾರೆ. ಮಾಮಾ ಬೀಗತನದ ಪ್ರಕಾರ ಇಡುತ್ತಾನೆ. ಹೆಣ್ಣು ಕೊಟ್ಟ ಮನೆಯ ಪೆಟ್ಟಿಗೆ, ತಂದುಕೊಂಡ ಮನೆಯದರ ಮಗ್ಗುಲಿಗೆ. ಕೋರ್ಟಿಗೆ ಹೋದ ಅಣ್ಣತಮ್ಮಂದಿರದು ಒಂದು ಬಾಗಿಲ ಬಳಿ, ಇನ್ನೊಂದು ಕಿಟಕಿ ಬಳಿ. ರಾಜಿಯಾಯಿತೆಂದು ಸುದ್ದಿ ಬಂದರೆ ಏಣಿ ಹತ್ತಿ ಎರಡನ್ನೂ ಕೂಡಿಸಿಟ್ಟು, ಅವತ್ತು ಒಂದು ಕಪ್ ಚಹಾ ಹೆಚ್ಚಿಗೆ ಕುಡಿಯುತ್ತಾನೆ.

"ಇದಕ್ಕೇನರ ತರ್ಕ ಐತೇನ್ ಮಾಮಾ?" ಚರ್ಚಾಸ್ಪರ್ಧೆಯಲ್ಲಿ ನಾಲ್ಕು ಢಾಲು ಗೆದ್ದವನು ನಾನು, ಬಿಡುತ್ತೇನೆಯೇ?

"ಲೇ ವಕೀಲಾ, ನಂಬರ್ ಹೇಳ್ಕೋಂತ ಯಾರ್ ಬರ್ತಾರಲೇ ಇಲ್ಲಿ? ಇಂಥಾಕಿ ಮೊಮ್ಮಗ ಅದೇನ್ರಿ ಅಂತ ಬರ್ತಾರ."

ಎರಡು ಭಾನುವಾರ ಧೂಳು ಕುಡಿದು, ಪೆಟ್ಟಿಗೆಗೊಂದು ನಂಬರ್ ಅಂಟಿಸಿ ಯಾದಿ ಮಾಡಿದೆ. ಸೋಮವಾರ ಒಬ್ಬ ಮುದುಕಿ ತನ್ನ ಮನೆಯ ಹಳೇ ಕಾಗದ ಕೇಳಿಕೊಂಡು ಬಂದಳು. ಯಾದಿ ಹಿಡಿದು ಮುಕ್ಕಾಲು ತಾಸು ಹುಡುಕಿ, ಸೋತು ಒಂದು ಪೆಟ್ಟಿಗೆಯ ಮೇಲೆ ಕುಳಿತೆ. ಮಾಮಾ ಕನ್ನಡಕವನ್ನೂ ಹಾಕದೆ ಕೇಳಿದ: "ಯವ್ವಾ, ನಿನ್ನ ತವರಮನಿ ಐಗಳಿ ಹೌದಲ್ಲ?"

"ಹೌದ್ರೀ ಯಪ್ಪಾ."

"ಏಳಲೇ ವಕೀಲಾ! ಐಗಳಿ ಬೀಗರ ಮ್ಯಾಲೇ ಕುಂತಿ!"

ತರ್ಕಶಾಸ್ತ್ರ ಅಂದೇ ಸತ್ತಿತು.

ಅದೆಲ್ಲ ಎರಡೂ ಮನೆಗೆ ಮಾತಿದ್ದಾಗಿನ ಕಥೆ. ಹೋದ ವರ್ಷ ಅವ್ವ ತವರಿನ ಎರಡೆಕರೆಗಾಗಿ ಮಾಮಾನ ಮೇಲೇ ಕೇಸು ಹಾಕಿದಳು. ಆ ಹೊಲಕ್ಕೆ ಮಗಳ ಹೆಸರು ಹಚ್ಚಿರೆಂದು ಅಜ್ಜ ಹಿಂದೆ ಕಚೇರಿಗೆ ಒಂದು ವರ್ದಿ ಬರೆದುಕೊಟ್ಟಿದ್ದನಂತೆ. ಅದು ಸಿಕ್ಕರೆ ಗೆಲುವು, ಇಲ್ಲದಿದ್ದರೆ ಮುಗಿಯಿತು ಅಂದರು ನಮ್ಮ ವಕೀಲರು. ಅದೆಲ್ಲಿದೆ? ಮಾಮಾನ ಕೋಣೆಯಲ್ಲಿ! ಯಾವ ಪೆಟ್ಟಿಗೆಯಲ್ಲಿ? ಮಾಮಾನಿಗಷ್ಟೇ ಗೊತ್ತು! "ಸಿಗವಲ್ದು" ಅಂತ ಅವನೊಂದು ಮಾತು ಅಂದರೆ ಯಾವ ದೇವರೂ ಹುಡುಕಲಾರ. ತನ್ನನ್ನೇ ಸೋಲಿಸುವ ಕಾಗದವನ್ನು ಯಾವ ಮೂರ್ಖ ಹುಡುಕಿಕೊಡುತ್ತಾನೆ? ಆಶೆ ಬಿಟ್ಟೇ ಅರ್ಜಿ ಹಿಡಿದು ಹೋದೆ.

ಮಾಮಾ ಅರ್ಜಿ ಓದಿದ. ನಾಲ್ಕು ಸಾಲಿನ ಅರ್ಜಿಯನ್ನು ಬಹಳ ಹೊತ್ತು ಓದಿದ. ಎದ್ದು ಹೋಗಿ, ನಡುವಿನ ಹಲಗೆಯ ಮೇಲಿದ್ದ ಅಲಖನೂರಿನ ನಮ್ಮ ಮನೆಯ ಪೆಟ್ಟಿಗೆ ಸರಿಸಿ, ಅದಕ್ಕೆ ಆತುಕೊಂಡಿದ್ದ ದಿಗ್ಗೇವಾಡಿಯ ತನ್ನ ಮನೆಯದನ್ನು ತೆರೆದು ವರ್ದಿ ತೆಗೆದ. ನಕಲು ಮಾಡಿಸಿ, ಶಿಕ್ಕಾ ಹೊಡೆಸಿ, ನನ್ನ ಕೈಗಿಟ್ಟ.

"ಇದನ್ನ ಕೊಟ್ರ ನೀ ಸೋಲ್ತಿ ಮಾಮಾ."

"ಹೊಲ ಬಿಟ್ಟುಕೊಡಾಕ ನನ್ನ ಮಕ್ಕಳು ಸಹಿ ಮಾಡವಲ್ರು. ಕೋರ್ಟ್ ಹೇಳಿದ್ರರ ಕೇಳ್ತಾರ."

ಆಗಲಾದರೂ ನಾನು ಸುಮ್ಮನಿರಬೇಕಿತ್ತು. "ಮತ್ತ ಕೋರ್ಟಿಗೆ ಹೋದವರ ಪೆಟ್ಟಿಗಿ ದೂರ ಇಡಬೇಕಲ್ಲ? ಇವೆರಡೂ ಇನ್ನಾ ಮಗ್ಗಲಿಗೇ ಅದಾವು!"

ನಮ್ಮ ಪೆಟ್ಟಿಗೆಯ ಧೂಳನ್ನು ತನ್ನ ಅಂಗಿಯ ತುದಿಯಿಂದ ಒರೆಸುತ್ತ ಮಾಮಾ ಅಂದ:

"ಕೇಸ್ ಅಕ್ಕ ಹಾಕ್ಯಾಳ. ನಾ ಹಾಕಿಲ್ಲಲೇ."